ಮಲೆನಾಡಿಗೆ ಮತ್ತೆ ಲಾಕ್‌ಡೌನ್ ಬೇಕೆ?

ಮುಂದೊಂದು ಸಾಂಕ್ರಾಮಿಕ ಬಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ 2020–21ರಂತೆಯೇ ಎಲ್ಲವನ್ನೂ ಮುಚ್ಚಬೇಕೆ?

ಪರ: ಮುಚ್ಚದೆ ಬೇರೆ ದಾರಿಯಿಲ್ಲ

ಲಾಕ್‌ಡೌನ್‌ನಿಂದಾದ ನಷ್ಟದ ಲೆಕ್ಕ ಕೊಡುವವರು, ಅದಿಲ್ಲದೆ ಆಗಬಹುದಿದ್ದ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೊದಲನೆಯದು ಆಸ್ಪತ್ರೆಯ ವಿಚಾರ. ಕಾಯಿಲೆ ಉಲ್ಬಣಿಸಿದರೆ ಈ ಮೂರೂ ತಾಲ್ಲೂಕಿನವರು ಶಿವಮೊಗ್ಗಕ್ಕೋ, ಘಟ್ಟ ಇಳಿದು ಮಣಿಪಾಲಕ್ಕೋ ಹೋಗಬೇಕು. 2021ರ ಮೇ ತಿಂಗಳಲ್ಲಿ ದೊಡ್ಡ ಊರುಗಳಲ್ಲೇ ಹಾಸಿಗೆಗೆ ಪರದಾಟವಿತ್ತು. ಇಲ್ಲಿ ಸೋಂಕು ಹಬ್ಬಲು ಬಿಟ್ಟಿದ್ದರೆ ಗತಿಯೇನು? ಸೋಂಕು ಇಳಿಯದೆ ಆ ಜೂನ್‌ನಲ್ಲಿ ನಿರ್ಬಂಧ ಮುಂದುವರಿದ 11 ಜಿಲ್ಲೆಗಳಲ್ಲಿ ಈ ತಾಲ್ಲೂಕುಗಳಿರುವ ಚಿಕ್ಕಮಗಳೂರೂ ಒಂದು. ಎರಡನೆಯದು, ದುಡಿಮೆಯನ್ನು ಕೆಡಿಸುವುದು ರೋಗವೇ. ಮಲೇರಿಯಾದ ಕಾಲದಲ್ಲಿ ಮಲೆನಾಡಿನ ತೋಟ-ಗದ್ದೆಗಳು ಆಳಿಲ್ಲದೆ ಪಾಳುಬಿದ್ದದ್ದು ಯಾವ ಸರ್ಕಾರಿ ಆದೇಶದಿಂದಲೂ ಅಲ್ಲ. ಮಂಗನ ಕಾಯಿಲೆ ಕಾಣಿಸಿದರೆ ಯಾರೂ ತಡೆಯದಿದ್ದರೂ ಜನ ಕಾಡಿಗೆ ಹೋಗಲು ಹೆದರುತ್ತಾರೆ. ಮೂರನೆಯದು, ಎಲ್ಲ ಕಷ್ಟವನ್ನೂ ಲಾಕ್‌ಡೌನ್ ತಲೆಗೆ ಕಟ್ಟುವುದು ಸರಿಯಲ್ಲ. ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು ನಷ್ಟ ತಾಳಲಾರದೆ ನಿಂತದ್ದು 2020ರ ಫೆಬ್ರವರಿಯಲ್ಲಿ, ಲಾಕ್‌ಡೌನ್‌ಗೂ ಮೊದಲೇ. ಕೊನೆಯದಾಗಿ, ಸರ್ಕಾರ ಕೈಕಟ್ಟಿ ಕೂರಲಿಲ್ಲ. ಪಡಿತರದಲ್ಲಿ ಉಚಿತ ಧಾನ್ಯ ಕೊಟ್ಟಿತು, ಸಾಲದ ಕಂತನ್ನು ಮುಂದೂಡಿತು. ಆಟೊ, ಟ್ಯಾಕ್ಸಿ ಚಾಲಕರಿಗೆ 2020ರಲ್ಲಿ 5,000 ರೂಪಾಯಿ, 2021ರಲ್ಲಿ 3,000 ರೂಪಾಯಿ ಘೋಷಿಸಿತು. ಇದು ಎರಡು ತಿಂಗಳ ದುಡಿಮೆಗೆ ಸಾಟಿಯಲ್ಲ ನಿಜ. 2020ರ ಮೇ ತಿಂಗಳ ಪ್ಯಾಕೇಜಿನಲ್ಲಿ ಲಾಡ್ಜ್, ಹೋಟೆಲ್ ಕೆಲಸದವರ ಪ್ರಸ್ತಾಪವೇ ಇರಲಿಲ್ಲ ಎಂಬುದನ್ನೂ ಒಪ್ಪಬೇಕಾಗುತ್ತದೆ. ಆದರೆ ಅದು ಪರಿಹಾರದ ಲೋಪ, ಲಾಕ್‌ಡೌನ್‌ನ ಲೋಪವಲ್ಲ.

ವಿರೋಧ: ರಸ್ತೆ ನಂಬಿದವರಷ್ಟೇ ಏಕೆ ತೆರಬೇಕು?

ಶೃಂಗೇರಿ ಪೇಟೆಯ ದುಡಿಮೆಗೂ ಒಂದು ಸುಗ್ಗಿಯಿದೆ. ಅದು ಏಪ್ರಿಲ್ ಮತ್ತು ಮೇ. ನವರಾತ್ರಿಗೆ, ಡಿಸೆಂಬರ್ ರಜೆಗೆ ಜನ ಬರುತ್ತಾರಾದರೂ ಶಾಲೆಗಳಿಗೆ ಬೇಸಿಗೆ ರಜೆ ಬಿಟ್ಟಾಗಿನ ಸಂದಣಿಯೇ ಬೇರೆ. ಶಾರದಾಂಬೆಯ ದರ್ಶನ ಮುಗಿಸಿ ಹೊರನಾಡಿಗೆ, ಆಗುಂಬೆಗೆ, ನರಸಿಂಹರಾಜಪುರದ ಸಿಂಹನಗದ್ದೆ ಬಸದಿಗೆ ಹೊರಡುವ ಈ ಜನರಿಂದಲೇ ಲಾಡ್ಜ್, ಖಾನಾವಳಿ, ಹೂಕಾಯಿ ಅಂಗಡಿ, ಬಾಡಿಗೆ ಜೀಪು ಮಳೆಗಾಲವನ್ನು ದಾಟಬೇಕು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಪೇಟೆ ತಾನಾಗಿಯೇ ಮಲಗುತ್ತದೆ. ಇನ್ನು ಆದೇಶಗಳ ದಿನಾಂಕ ನೋಡಿ. 2020ರಲ್ಲಿ ಮಾರ್ಚ್ 25ರಿಂದ ಮೇ 31, 2021ರಲ್ಲಿ ಏಪ್ರಿಲ್ 27ರ ರಾತ್ರಿಯಿಂದ ಜೂನ್‌ವರೆಗೆ. ದೇವಸ್ಥಾನ ತೆರೆಯಲು ಅನುಮತಿ ಸಿಕ್ಕಿದ್ದು ಮೊದಲ ಸಲ ಜೂನ್ 8ಕ್ಕೆ, ಎರಡನೇ ಸಲ ಜುಲೈ 5ಕ್ಕೆ. ಎರಡು ಸಲವೂ ಬಾಗಿಲು ತೆರೆದದ್ದು ಮಳೆಗೆ! ಬೆಂಗಳೂರಿನ ಅಂಗಡಿಗೆ ಅದು ಎರಡೆರಡು ತಿಂಗಳ ನಷ್ಟ. ಇಲ್ಲಿ ಎರಡು ವರ್ಷದ ಸುಗ್ಗಿ ಸಾಲಾಗಿ ಹೋಯಿತು.

ಈ ನಷ್ಟ ಎಲ್ಲರಿಗೂ ಸಮನಾಗಿ ಹಂಚಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕೃಷಿಗೆ ವಿನಾಯಿತಿಯಿತ್ತು, ಇರಬೇಕಾದದ್ದೇ. 2020ರ ಏಪ್ರಿಲ್–ಜೂನ್‌ನಲ್ಲಿ ದೇಶದ ಜಿಡಿಪಿ ಶೇ 23.9ರಷ್ಟು ಕುಸಿದಾಗಲೂ ಕೃಷಿ ಶೇ 3.4ರಷ್ಟು ಬೆಳೆಯಿತು ಎಂದು ಆಗಿನ ಅಂದಾಜು ಹೇಳಿತು. ಮಂಡಿ ಮುಚ್ಚಿದ್ದ ವಾರಗಳಲ್ಲಿ ಒಣಗಿದ ಅಡಿಕೆ ಮನೆಯಲ್ಲೇ ಕಾದಿತ್ತು, ಕೆಡಲಿಲ್ಲ. ಮರುವರ್ಷ ಸೆಪ್ಟೆಂಬರ್ ಹೊತ್ತಿಗೆ ರಾಶಿ ಅಡಿಕೆ ಕ್ವಿಂಟಲ್‌ಗೆ 50,000 ರೂಪಾಯಿ ದಾಟಿತು. ಬೆಳೆಗಾರರ ಈ ಭಾಗ್ಯಕ್ಕೆ ನನ್ನ ಹೊಟ್ಟೆಕಿಚ್ಚಿಲ್ಲ. ಆದರೆ ಅಡಿಕೆಯನ್ನು ಕೂಡಿಟ್ಟು ನಾಳೆ ಮಾರಬಹುದು, ಇವತ್ತು ಖಾಲಿ ಉಳಿದ ಕೋಣೆಯನ್ನು ನಾಳೆ ಮಾರಲಾಗದು. ಓಡದ ಜೀಪಿನ ಬಾಡಿಗೆಯೂ ಹಾಗೆಯೇ. ಒಂದೇ ಆದೇಶ ತೋಟವಿದ್ದವರನ್ನು ಕಾಯಿತು, ತುಂಡು ನೆಲವೂ ಇಲ್ಲದೆ ರಸ್ತೆಯನ್ನೇ ನಂಬಿದವರನ್ನು ಕೈಬಿಟ್ಟಿತು. ಸಹಕಾರ ಸಾರಿಗೆ ನಿಂತು ಫೆಬ್ರವರಿಯಲ್ಲೇ ಕೆಲಸ ಕಳೆದುಕೊಂಡವರು ಬೇರೆ ಕೆಲಸ ಹುಡುಕುವ ಹೊತ್ತಿಗೆ ಆ ಬಾಗಿಲುಗಳೂ ಮುಚ್ಚಿದವು.

ಜೀವ ಮುಖ್ಯವಲ್ಲವೇ ಎಂಬ ಪ್ರಶ್ನೆ ಬರುತ್ತದೆ. 2021ರ ಮೇ ತಿಂಗಳಲ್ಲಿ ಜನಸಂಚಾರ ತಡೆಯದೆ ಗತಿಯಿರಲಿಲ್ಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2020ರ ಮೇ ಮಧ್ಯದವರೆಗೆ ಚಿಕ್ಕಮಗಳೂರು ಸೋಂಕಿನ ಪ್ರಕರಣಗಳಿಲ್ಲದ ಹಸಿರು ವಲಯದಲ್ಲಿತ್ತು. ಘಟ್ಟದ ದಾರಿಯ ಚೆಕ್‌ಪೋಸ್ಟ್‌ಗಳನ್ನು ಬಿಗಿ ಮಾಡಿ ಊರೊಳಗಿನ ವ್ಯವಹಾರವನ್ನು ಮೊದಲೇ ಬಿಡಬಹುದಿತ್ತು. ಯಾತ್ರಿಕರೇ ಬಾರದೆ ಅಂಗಡಿ ತೆರೆದು ಏನು ಫಲ ಎನ್ನುವವರಿದ್ದಾರೆ. ಹೌದು, ಹೂಕಾಯಿ ಅಂಗಡಿಗೆ ಫಲವಿಲ್ಲ. ಹಾಗಿದ್ದರೆ ಎಲ್ಲರ ಜೀವ ಕಾಯಲು ಒಬ್ಬನ ಸುಗ್ಗಿಯನ್ನು ಕಿತ್ತುಕೊಂಡವರು ಅದರ ಬೆಲೆ ಕೊಡಬೇಕು. ಕೊಟ್ಟದ್ದು ಕಂತಿನ ಮುಂದೂಡಿಕೆ. 2020ರ ಆಗಸ್ಟ್ 31ರವರೆಗೆ ಕಂತು ಕೇಳಲಿಲ್ಲ, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಆಮೇಲೆ ಚಕ್ರಬಡ್ಡಿಯಷ್ಟನ್ನು ಹಿಂದಿರುಗಿಸಿದರು, ಮೂಲ ಬಡ್ಡಿ ಸಾಲಗಾರನ ಮೇಲೆಯೇ ಉಳಿಯಿತು. ಸೆಪ್ಟೆಂಬರ್‌ನಲ್ಲಿ ಜೀಪಿನ ಕಂತು ಮತ್ತೆ ಶುರುವಾದಾಗ ಬೇಸಿಗೆ ರಜೆಗೆ ಇನ್ನೂ ಏಳು ತಿಂಗಳಿತ್ತು, ಆ ರಜೆಗೂ ಬೀಗ ಬಿತ್ತು.