ಶಿಬಿರದ ಎಂಟನೆಯ ದಿನ

ನಮ್ಮ ಕಾಲೇಜುಗಳ ಮಕ್ಕಳು ಪ್ರತಿ ವರ್ಷವೂ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆಂದು ಯಾವುದಾದರೊಂದು ಹಳ್ಳಿಗೆ ಹೋಗುತ್ತಾರೆ. ಏಳು ದಿನ ಅಲ್ಲಿದ್ದು ರಸ್ತೆಗೆ ಮಣ್ಣು ಹಾಕುತ್ತಾರೆ, ಶಾಲೆಯ ಗೋಡೆಗೆ ಸುಣ್ಣ ಬಳಿಯುತ್ತಾರೆ, ರಾತ್ರಿ ನಾಟಕವಾಡುತ್ತಾರೆ. ಎಂಟನೆಯ ದಿನ ಬಸ್ಸು ಹತ್ತುತ್ತಾರೆ. ಇದನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ; ಮನೆಯಲ್ಲಿ ತಾನುಂಡ ತಟ್ಟೆಯನ್ನೂ ತೊಳೆಯದ ಹುಡುಗ ಅಲ್ಲಿ ಮಣ್ಣು ಹೊರುವುದೂ ಒಂದು ಶಿಕ್ಷಣವೇ. ಆದರೆ ಅದರಿಂದ ಆ ಹಳ್ಳಿಯ ಬಡವನು ಪರರ ಹಂಗಿನಿಂದ ಎಷ್ಟರಮಟ್ಟಿಗೆ ಪಾರಾದನೆಂದು ನಾವು ವಿಚಾರಿಸಿದ್ದು ಕಡಿಮೆ.

ಬಸ್ಸು ಹತ್ತದೆ ಉಳಿದ ವಿದ್ಯಾರ್ಥಿಗಳೂ ಈ ದೇಶದಲ್ಲಿದ್ದಾರೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಸೇವೆಗೆಂದು ಮದರಾಸಿನ ಸುಮಾರು 400 ವಿದ್ಯಾರ್ಥಿಗಳು ಪಶ್ಚಿಮ ಬಂಗಾಳಕ್ಕೆ ಹೋಗಿದ್ದರು. ಅವರ ಮುಂದಾಳು ಕೇರಳದ ತರುಣ ಜೋ ಮಡಿಯತ್. ಅದೇ ವರ್ಷದ ಅಕ್ಟೋಬರಿನಲ್ಲಿ ಆಗಿನ ಒರಿಸ್ಸಾದ ಕರಾವಳಿಗೆ ಭೀಕರ ಚಂಡಮಾರುತ ಬಡಿಯಿತು. ಸುಮಾರು 40 ಮಂದಿ ಅತ್ತ ಧಾವಿಸಿದರು. ಪರಿಹಾರದ ಕೆಲಸ ಮುಗಿದ ಮೇಲೂ ಕೆಲವರು ಅಲ್ಲಿಯೇ ನಿಂತರು.

ಅವರು ಮಾಡಿದ್ದೆಲ್ಲ ಕೈಗೂಡಲಿಲ್ಲ ಎಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು. ನೀರಾವರಿಗೆ ಶ್ರಮಿಸಿದರು, ನೀರು ಬಂದಾಗ ಲಾಭವಾದದ್ದು ಜಮೀನಿದ್ದವರಿಗೆ, ಕೂಲಿಯವನು ಕೂಲಿಯವನಾಗಿಯೇ ಉಳಿದ. ಮುಂದೆ ಗಂಜಾಂ ಜಿಲ್ಲೆಯ ಗುಡ್ಡಗಾಡಿನ ಆದಿವಾಸಿಗಳಿಗೆ ಹೈನುಗಾರಿಕೆ ಕಲಿಸಹೊರಟರು. ಹಾಲು ಕರೆಯುವ ವಾಡಿಕೆಯೇ ಇಲ್ಲದ ಜನರಲ್ಲಿ ಅದು ಬೇರೂರಲಿಲ್ಲ. ಆ ಜನರ ನಿಜವಾದ ಸಂಕಟ ಬೇರೆಯೇ ಇತ್ತು. ಅವರ ಭೂಮಿ, ಮರಗಳು ಸಾಲಿಗರ ಹಾಗೂ ಸಾರಾಯಿ ವ್ಯಾಪಾರಿಗಳ ಕೈಯಲ್ಲಿ ಅಡವಾಗಿದ್ದವು. ಬಡವರ ಬಳಿ ವರ್ಷಗಟ್ಟಲೆ ಕುಳಿತವನಿಗಲ್ಲದೆ ಇದು ಕಾಣುವುದಿಲ್ಲ. 1979ರಲ್ಲಿ ಈ ತರುಣರ ಪ್ರಯತ್ನ 'ಗ್ರಾಮ ವಿಕಾಸ' ಎಂಬ ಸಂಸ್ಥೆಯಾಗಿ ನೋಂದಣಿಯಾಯಿತು. 1990ರ ದಶಕದ ಆರಂಭದ ವೇಳೆಗೆ ಅದು ಕಟ್ಟಿದ ಗೋಬರ್ ಗ್ಯಾಸ್ ಘಟಕಗಳ ಸಂಖ್ಯೆ 50,000 ದಾಟಿತ್ತು.

ನಮ್ಮನ್ನು ಹೆಚ್ಚು ಚಿಂತನೆಗೆ ಹಚ್ಚಿದ್ದು 1992ರಲ್ಲಿ ಐದು ಹಳ್ಳಿಗಳಲ್ಲಿ ಆರಂಭವಾದ ನೀರು, ಶೌಚಾಲಯಗಳ ಕಾರ್ಯ. ಅದಕ್ಕೊಂದು ಕಠಿಣ ಷರತ್ತಿತ್ತು: ಊರಿನ ಪ್ರತಿಯೊಂದು ಕುಟುಂಬವೂ ಒಪ್ಪಬೇಕು, ಒಂದು ಮನೆ ಹೊರಗುಳಿದರೂ ಕೆಲಸ ಆರಂಭವಿಲ್ಲ. ಸರಾಸರಿ ಕುಟುಂಬಕ್ಕೆ 1,000 ರೂಪಾಯಿಯಂತೆ ಊರವರೇ ಮೂಲನಿಧಿ ಕೂಡಿಸಬೇಕು. ಉಳ್ಳವನು ಹೆಚ್ಚು, ಇಲ್ಲದವನು ಕಡಿಮೆ ಕೊಡಬಹುದು. ಆ ಹಣ ಬ್ಯಾಂಕಿನಲ್ಲಿದ್ದು, ಮುಂದೆ ಊರಿನಲ್ಲಿ ಹೊಸ ಸಂಸಾರ ಹೂಡಿದವರಿಗೆ ಅದರ ಬಡ್ಡಿಯಿಂದ ನೆರವು. ಇಟ್ಟಿಗೆ, ಮರಳು, ದುಡಿಮೆ ಊರವರದೇ. ಗಾರೆ ಕೆಲಸ ಕಲಿತ ಕೂಲಿಯಾಳಿಗೆ ಹೆಚ್ಚಿನ ಸಂಬಳ ತರುವ ಕಸುಬೂ ದಕ್ಕಿತು. ಎಲ್ಲಕ್ಕಿಂತ ಮಿಗಿಲಾಗಿ, ಮೇಲ್ಜಾತಿಯವನ ಮನೆಗೂ ದಲಿತನ ಮನೆಗೂ ಒಂದೇ ತೊಟ್ಟಿಯ ನೀರು ಹರಿಯಿತು. ಬಾವಿಯ ಬಳಿ ಶತಮಾನಗಳ ಕಾಲ ನಡೆದ ಅವಮಾನಕ್ಕೆ ಇದಕ್ಕಿಂತ ತಕ್ಕ ಉತ್ತರವನ್ನು ನಾವು ಕಾಣೆವು. ಒಪ್ಪಿಗೆ ಪಡೆಯಲು ಸಭೆಯ ಮೇಲೆ ಸಭೆ, ತಿಂಗಳ ಮೇಲೆ ತಿಂಗಳು ಬೇಕಾಯಿತೆಂಬುದನ್ನು ಹೇಳಬೇಕಿಲ್ಲ. ಧರ್ಮಕೇಂದ್ರದ ಸಭೆಯಲ್ಲಿ ಹಬ್ಬದ ಊಟಕ್ಕೇ ಒಮ್ಮತ ಮೂಡಿಸಲಾಗದ ನಮಗೆ ಅದರ ಕಷ್ಟ ಗೊತ್ತು!

ನಾವಾದರೋ ಹಬ್ಬಕ್ಕೆ ಸೀರೆ, ಅಕ್ಕಿ ಹಂಚುತ್ತೇವೆ. ಒಂದಿಬ್ಬರು ವಿಧವೆಯರಿಗೆ ಹೊಲಿಗೆ ಯಂತ್ರ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತೇವೆ. ಬಟ್ಟೆ ಎಲ್ಲಿಂದ ತರಬೇಕು, ಹೊಲಿದದ್ದನ್ನು ಯಾರಿಗೆ ಮಾರಬೇಕು, ಲೆಕ್ಕ ಹೇಗೆ ಬರೆಯಬೇಕು ಎಂಬುದನ್ನು ಹೇಳಿಕೊಡುವವರಿಲ್ಲದೆ ಆ ಯಂತ್ರ ಮೂಲೆ ಸೇರುತ್ತದೆ. ಇಂಥ ಕಡೆಯಲ್ಲೇ ವಾಣಿಜ್ಯ ಓದುವ ನಮ್ಮ ಮಕ್ಕಳು ಬೇಕಾಗಿರುವುದು. ಎಲ್ಲರೂ ಒಡಿಶಾದ ಆ ತರುಣರಂತೆ ಬಾಳನ್ನೇ ಮುಡಿಪಿಡಲಿ ಎಂದು ನಾವು ಹೇಳುವುದಿಲ್ಲ. ತಂದೆತಾಯಿಯರ ಆತಂಕ ನಮಗೂ ತಿಳಿದಿದೆ. ಆದರೆ ಕಾಲೇಜೊಂದು ಒಂದೇ ಹಳ್ಳಿಯನ್ನು ಹತ್ತು ವರ್ಷ ಹಿಡಿದು, ಹಿರಿಯ ತಂಡ ಕಿರಿಯ ತಂಡಕ್ಕೆ ಕೆಲಸವನ್ನು ಒಪ್ಪಿಸುತ್ತಾ ಬರುವುದು ಅಸಾಧ್ಯವೇನಲ್ಲ. ಹಣದ ಲೆಕ್ಕ ಮಾತ್ರ ಮೊದಲ ದಿನದಿಂದಲೇ ಆ ಊರಿನವರ ಕೈಯಲ್ಲಿರಬೇಕು.

ಈ ಸಲ ಶಿಬಿರಕ್ಕೆ ಹೊಸ ಹಳ್ಳಿಯನ್ನು ಹುಡುಕುವ ಮೊದಲು ನಮ್ಮ ಅಧ್ಯಾಪಕರು, ವಿದ್ಯಾರ್ಥಿಗಳು ಕಳೆದ ವರ್ಷದ ಹಳ್ಳಿಗೊಮ್ಮೆ ಹೋಗಿ ಬರಲಿ.