ಬೆಳಗ್ಗೆ ಕಾರು ಸ್ಟಾರ್ಟ್ ಆಗದಿದ್ದರೆ...

ಮಗುವಿಗೆ ರಾತ್ರಿ ಜ್ವರ ಬಂದಿರುತ್ತದೆ. ಬೆಳಗ್ಗೆ ವೈದ್ಯರ ಬಳಿಗೆ ಕೊಂಡೊಯ್ಯುವಾಗ ಜ್ವರ ಇಳಿದು ಮಗು ಆಡುತ್ತಿರುತ್ತದೆ. ಆಗ ವೈದ್ಯರು ತಾಯಿಯನ್ನೇ ಕೇಳುತ್ತಾರೆ. ಎಷ್ಟು ಹೊತ್ತಿಗೆ ಬಂತು? ನಡುಕವಿತ್ತೇ? ವಾಂತಿಯಾಯಿತೇ? ತಾಯಿ ಸರಿಯಾಗಿ ಹೇಳಿದರೆ ಅರ್ಧ ಚಿಕಿತ್ಸೆ ಆದಂತೆಯೇ.

ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಆಗಲು ಹಠ ಮಾಡುವ ಹಳೆಯ ಕಾರಿನ ಕಥೆಯೂ ಇಂಥದ್ದೇ. ಮಡಿಕೇರಿ, ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಡಿಸೆಂಬರ್, ಜನವರಿ ಬಂತೆಂದರೆ ಇದು ನಿತ್ಯದ ಗೋಳು. ಏಳು ಗಂಟೆಗೆ ಅಲುಗದ ಕಾರು, ಮೆಕ್ಯಾನಿಕ್ ಬರುವ ಹನ್ನೊಂದು ಗಂಟೆಗೆ ಬಿಸಿಲು ಕಾಯ್ದು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ರೋಗವನ್ನು ಕಾಣದ ಮೆಕ್ಯಾನಿಕ್ ಊಹೆಯಿಂದ, "ಬ್ಯಾಟರಿ ಬದಲಿಸಿ ನೋಡೋಣ" ಎನ್ನುತ್ತಾರೆ. ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಮರುದಿನ ಬೆಳಗ್ಗೆ ಮತ್ತದೇ ಪಾಡು. ಹಳೆಯ ಕಾರನ್ನು ಇಟ್ಟುಕೊಂಡಿರುವವರು ಹೆಚ್ಚಾಗಿ ಹೊಸದನ್ನು ಕೊಳ್ಳುವ ಶಕ್ತಿ ಇಲ್ಲದವರು. ಅಂತಹ ಮನೆಯಲ್ಲಿ ಆ ಹಣ ಮಕ್ಕಳ ಶುಲ್ಕದ ಹಣವೂ ಆಗಿರಬಹುದು.

ಆದ್ದರಿಂದ ಸಹೋದರಿಯರೇ, ಬೆಳಗಿನ ಹೊತ್ತು ಮನೆಯಲ್ಲಿರುವ ನೀವೇ ಇಲ್ಲಿ ಮುಖ್ಯ ಸಾಕ್ಷಿ. ಕಾರು ಓಡಿಸಲು ಬಾರದಿದ್ದರೂ ಚಿಂತೆಯಿಲ್ಲ. ಕಣ್ಣು, ಕಿವಿ, ಮೂಗು ಇದ್ದರೆ ಸಾಕು. ಮೊದಲು ತಿಳಿಯಬೇಕಾದದ್ದು ಒಂದೇ: ಕೀ ತಿರುಗಿಸಿದಾಗ ಇಂಜಿನ್ ತಿರುಗುವುದೇ ಇಲ್ಲವೇ, ಅಥವಾ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳುವುದಿಲ್ಲವೇ? ಇವೆರಡೂ ಬೇರೆ ಬೇರೆ ಕಾಯಿಲೆಗಳು.

ಇಂಜಿನ್ ತಿರುಗದೆ "ಟಕ್ ಟಕ್" ಎಂದರೆ ಅಥವಾ ನರಳುತ್ತಾ ನಿಧಾನವಾಗಿ ತಿರುಗಿದರೆ ತೊಂದರೆ ವಿದ್ಯುತ್ತಿನ ಕಡೆಯದು. ಚಳಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಇಂಜಿನ್ ಆಯಿಲ್ ಅಷ್ಟು ಗಟ್ಟಿಯಾಗದಿದ್ದರೂ ಮಂದವಾಗುತ್ತದೆ, ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಅದೇ ಹೊತ್ತಿಗೆ ಚಳಿಯಿಂದ ಬ್ಯಾಟರಿಯ ಬಲವೂ ಕುಗ್ಗಿರುತ್ತದೆ. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ ನೋಡಿರಿ. ಬೆಳಕು ಸತ್ತಂತಾದರೆ ಬ್ಯಾಟರಿ ಇಲ್ಲವೇ ಅದರ ಟರ್ಮಿನಲ್ ಮೇಲೆ ಸಂಶಯ ಪಡಬೇಕು. ಬೆಳಕು ಹಾಗೆಯೇ ಪ್ರಖರವಾಗಿದ್ದು ಒಂದೇ ಒಂದು "ಟಕ್" ಕೇಳಿಸಿದರೆ ಸ್ಟಾರ್ಟರ್ ಮೋಟಾರ್ ಅಥವಾ ಅದರ ವೈರಿಂಗ್ ನೋಡಿಸಬೇಕು.

ಟರ್ಮಿನಲ್‌ಗೆ ಬಿಳಿ ಅಥವಾ ಹಸಿರು ಪುಡಿ ಹಿಡಿದಿದ್ದರೆ ಹೊಸ ಬ್ಯಾಟರಿ ಹಾಕಿಯೂ ಪ್ರಯೋಜನವಿಲ್ಲ. ಕೀ ತೆಗೆದು, ಮೊದಲು ಮೈನಸ್ ತಂತಿ ಬಿಚ್ಚಿ, ಕೈಗವಸು ತೊಟ್ಟು, ಬಿಸಿ ನೀರಿನಲ್ಲಿ ಅಡುಗೆ ಸೋಡಾ ಕಲಸಿ ಹಳೆಯ ಬ್ರಷ್‌ನಿಂದ ಉಜ್ಜಬೇಕು. ಆ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಒಣಗಿಸಿ ಬಿಗಿದು, ವ್ಯಾಸಲೀನ್ ಸವರಿ, ಮೈನಸ್ ತಂತಿಯನ್ನು ಕೊನೆಗೆ ಜೋಡಿಸಿರಿ. ಆಮೇಲೂ ಸರಿಹೋಗದಿದ್ದರೆ ಮೀಟರ್ ಹಿಡಿಸಿ. ರಾತ್ರಿಯಿಡೀ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ಣ ಚಾರ್ಜ್; 12.2ಕ್ಕೆ ಇಳಿದಿದ್ದರೆ ಅರ್ಧದಷ್ಟು ಮಾತ್ರ. ಇಂಜಿನ್ ಓಡುತ್ತಿರುವಾಗ ಸುಮಾರು 14 ವೋಲ್ಟ್ ತೋರಿಸಬೇಕು. ತೋರಿಸದಿದ್ದರೆ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ದೋಷವಿದೆ. ಆಗ ಹೊಸ ಬ್ಯಾಟರಿ ಹಾಕಿದರೂ ಕೆಲವೇ ದಿನಗಳಲ್ಲಿ ಬರಿದಾಗುತ್ತದೆ.

ಇನ್ನು ಎರಡನೆಯ ಕಾಯಿಲೆ. ಇಂಜಿನ್ ಚುರುಕಾಗಿ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ. ನಮ್ಮಲ್ಲಿ ಮನೆಮನೆಯ ಕಾರಾಗಿದ್ದ ಮಾರುತಿ 800ನ್ನೇ ನೋಡೋಣ. 1983ರಲ್ಲಿ ಬಂದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅದರ ಹಳೆಯ ಮಾದರಿಗಳು ಕಾರ್ಬ್ಯುರೇಟರ್‌ನವು. ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದು, ಹಸಿ ಸೌದೆಯಂತೆ ಬೆಂಕಿ ಹಿಡಿಯದು. ಅದಕ್ಕೇ ಚೋಕ್ ಇರುವುದು. ಅದು ಗಾಳಿಯನ್ನು ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುತ್ತದೆ. ಚೋಕ್ ಪೂರ್ತಿ ಎಳೆದು ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದಂತೆ ಮೆಲ್ಲನೆ ಒಳಗೆ ತಳ್ಳಬೇಕು. ಎಳೆದರೂ ಫಲವಿಲ್ಲವೆಂದಾದರೆ ಚೋಕ್ ಕೇಬಲ್ ಸಿಕ್ಕಿಕೊಂಡಿದೆಯೇ ಎಂದು ನೋಡಿಸಿರಿ. ಇದು ಅಗ್ಗದ ರಿಪೇರಿ. ಪೆಟ್ರೋಲಿನ ವಾಸನೆ ಗಾಢವಾಗಿ ಬಂದರೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ತೊಯ್ದಿದೆ ಎಂದರ್ಥ. ಆಗ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಪ್ರಯತ್ನಿಸಬೇಕು. ಮಂಜು, ಮಳೆಯ ಬೆಳಗ್ಗೆ ಮಾತ್ರ ತೊಂದರೆಯಾಗುವುದಾದರೆ ಪ್ಲಗ್ ವೈರ್ ಅಥವಾ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿರುಕು ಬಿಟ್ಟು ತೇವ ಹಿಡಿದಿರಬಹುದು.

ಇಂಜೆಕ್ಷನ್ ಕಾರುಗಳಲ್ಲಿ ಕೈಯಿಂದ ಎಳೆಯುವ ಚೋಕ್ ಇಲ್ಲ. ಕೀಯನ್ನು ಸ್ಟಾರ್ಟ್‌ಗಿಂತ ಹಿಂದಿನ ಸ್ಥಾನದಲ್ಲಿ ನಿಲ್ಲಿಸಿದರೆ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ "ಗುಂಯ್" ಎಂಬ ಸದ್ದು ಕೇಳಬೇಕು. ಅದು ಪೆಟ್ರೋಲ್ ಪಂಪಿನದು. ಹೀಗೆ ಎರಡು ಮೂರು ಬಾರಿ ಮಾಡಿದ ಮೇಲೆ ಸುಲಭವಾಗಿ ಸ್ಟಾರ್ಟ್ ಆದರೆ, ರಾತ್ರಿ ಪೈಪಿನಲ್ಲಿ ಪೆಟ್ರೋಲಿನ ಒತ್ತಡ ಇಳಿಯುತ್ತಿದೆ ಎಂದು ಮೆಕ್ಯಾನಿಕ್‌ಗೆ ತಿಳಿಸಿರಿ. ಪಂಪ್ ಸರಿಯಿದ್ದೂ ಚಳಿಯಲ್ಲಿ ಮಾತ್ರ ಹಠವೆಂದರೆ ಇಂಜಿನ್ ಉಷ್ಣತೆ ಅಳೆಯುವ ಸೆನ್ಸರನ್ನು ಪರೀಕ್ಷಿಸಲು ಹೇಳಿ. ಇಂಜಿನ್ ಬಿಸಿಯಿದೆ ಎಂದು ಅದು ತಪ್ಪು ತೋರಿಸಿದರೆ ಪೆಟ್ರೋಲ್ ಸಾಲುವುದಿಲ್ಲ.

ಹಳೆಯ ಡೀಸೆಲ್ ಜೀಪುಗಳಿಗೆ ಹೀಟರ್ ಪ್ಲಗ್ ಇರುತ್ತದೆ. ಸುರುಳಿಯಾಕಾರದ ಸೂಚನಾ ದೀಪವಿದ್ದರೆ ಅದು ಆರುವವರೆಗೆ ತಾಳಿರಿ. ಸೈಲೆನ್ಸರಿನಿಂದ ಬಿಳಿ ಹೊಗೆ ಬಂದೂ ಸ್ಟಾರ್ಟ್ ಆಗದಿದ್ದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಮೊದಲು ಹೀಟರ್ ಪ್ಲಗ್ ನೋಡಿಸಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಇಂಜಿನ್‌ವರೆಗೆ ತಲುಪುತ್ತಿಲ್ಲ.

ಕೆಲವು ಎಚ್ಚರಿಕೆಗಳು. ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಕೀ ಹಿಡಿಯಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ. ಬ್ಯಾಟರಿಯ ಬಳಿ ಬೆಂಕಿಕಡ್ಡಿ ಗೀರಬೇಡಿ, ಅದರಿಂದ ಹೊರಡುವ ಅನಿಲ ಸ್ಫೋಟಿಸಬಲ್ಲದು. ಬಾಗಿಲು ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಓಡಿಸುತ್ತಾ ಬಿಸಿ ಮಾಡಬೇಡಿ, ಹೊಗೆಯಲ್ಲಿರುವ ವಿಷಾನಿಲ ವಾಸನೆಯೂ ಇಲ್ಲದೆ ಜೀವ ತೆಗೆಯುತ್ತದೆ.

ಒಂದು ವಾರ ಚೀಟಿಯಲ್ಲಿ ಬರೆದಿಡಿ: ಕಾರು ಎಷ್ಟು ಗಂಟೆ ನಿಂತಿತ್ತು, ಮಂಜಿತ್ತೇ, ಸದ್ದು ಹೇಗಿತ್ತು, ಬೆಳಕು ಕುಂದಿತೇ, ವಾಸನೆ, ಹೊಗೆಯ ಬಣ್ಣ, ಎಷ್ಟನೆಯ ಸಲಕ್ಕೆ ಸ್ಟಾರ್ಟ್ ಆಯಿತು. ಆ ಚೀಟಿಯೊಂದಿಗೆ ಸಂಜೆಯೇ ಕಾರನ್ನು ಗ್ಯಾರೇಜಿನಲ್ಲಿ ಬಿಡಿ. ಬೆಳಗ್ಗೆ ತಣ್ಣಗಿರುವಾಗ ಮೆಕ್ಯಾನಿಕ್ ತಾವೇ ಸ್ಟಾರ್ಟ್ ಮಾಡಿ ನೋಡಲಿ. ಅದಕ್ಕೂ ಮೊದಲು ಯಾವ ಬಿಡಿಭಾಗಕ್ಕೂ ಹಣ ಕೊಡಬೇಡಿ.