ಬಾಯಿ ಕಟ್ಟು ಎನ್ನುವ ಮೊದಲು

‘ಮೈಕೈ ತುಂಬಿಕೊಂಡಿದ್ದಾಳೆ’ ಎಂಬುದು ನಮ್ಮ ಅಗರದಲ್ಲಿ ಇವತ್ತಿಗೂ ಹೊಗಳಿಕೆ. ಅದೇ ಹೆಂಗಸು ಪೇಟೆಯ ಡಾಕ್ಟರ ಮುಂದೆ ಕೂತರೆ ‘ಬಾಯಿ ಕಟ್ಟಮ್ಮ’ ಎಂಬ ಗದರಿಕೆ. ಆಕೆಗೆ ತಿಳಿಯಲೇಬೇಕಾದ ಮಾತು ಈ ಎರಡರಲ್ಲೂ ಇಲ್ಲ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಮಾಡಿಸಬೇಕು ಎಂಬುದೇ ಆ ಮಾತು.

ಕಾರಣ, ಗರ್ಭಕೋಶದ ಒಳಪದರದ ಕ್ಯಾನ್ಸರ್. ಮೈಯ ಕೊಬ್ಬು ಸುಮ್ಮನೆ ಬಿದ್ದಿರುವ ದಾಸ್ತಾನಲ್ಲ. ಅಂಡಾಶಯ ಕೆಲಸ ನಿಲ್ಲಿಸಿದ ಮೇಲೂ ಅದು ಈಸ್ಟ್ರೋಜನ್ ತಯಾರಿಸುತ್ತಲೇ ಇರುತ್ತದೆ. ಅದಕ್ಕೆ ಕಡಿವಾಣ ಹಾಕುತ್ತಿದ್ದ ಪ್ರೊಜೆಸ್ಟರಾನ್ ಆಗ ಇರುವುದಿಲ್ಲ. ಒಳಪದರ ಬೆಳೆಯುತ್ತಲೇ ಹೋಗುತ್ತದೆ. ಬೊಜ್ಜಿನ ಜೊತೆಗೇ ಏರುವ ಇನ್ಸುಲಿನ್ ಅದಕ್ಕೆ ಗೊಬ್ಬರ. ಬೊಜ್ಜಿದ್ದವರಿಗೆ ಈ ಅಪಾಯ 2ರಿಂದ 4 ಪಟ್ಟು, ಅತಿ ಬೊಜ್ಜಿದ್ದವರಿಗೆ ಸುಮಾರು 7 ಪಟ್ಟು ಹೆಚ್ಚು. ಇತ್ತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ತೂಕ ಮೀರಿದ ಹೆಂಗಸರು 2015-16ರಲ್ಲಿ ನೂರಕ್ಕೆ 23 ಇದ್ದವರು 2019-20ಕ್ಕೆ 30 ಆದರು.

ಹಾಗಾದರೆ ಬಾಯಿ ಕಟ್ಟು ಎಂದದ್ದು ಸರಿಯೇ ಅಲ್ಲವೇ ಎನ್ನುತ್ತೀರಿ. ಅರ್ಧ ಸರಿ. ತೂಕ ಇಳಿದರೆ ಅಪಾಯವೂ ಇಳಿಯುತ್ತದೆ. ಆದರೆ ಮುದ್ದೆಯ ಜಾಗಕ್ಕೆ ಅನ್ನ ಬಂದದ್ದು, ಎಲ್ಲರಿಗೂ ಬಡಿಸಿ ಉಳಿದದ್ದನ್ನು ಚೆಲ್ಲಲಾರದೆ ಕೊನೆಗೆ ತಾನೇ ಉಂಡದ್ದು ಆಕೆಯ ನಾಲಿಗೆ ಚಪಲವೇ? ಗದರಿಸಿಕೊಂಡವಳು ಇನ್ನೊಮ್ಮೆ ಆ ಬಾಗಿಲು ತುಳಿಯುವುದಿಲ್ಲ. ರಕ್ತ ಕಂಡಾಗಲೂ ತುಳಿಯುವುದಿಲ್ಲ. ನನ್ನ ಜಗಳ ಇರುವುದು ಅಲ್ಲೇ.

ಏಕೆಂದರೆ ಇದು ಕದ್ದು ಬರುವ ರೋಗವಲ್ಲ. ಬಹುಪಾಲು ಹೆಂಗಸರಲ್ಲಿ ಮೊದಲೇ ರಕ್ತ ತೋರಿಸಿ ಎಚ್ಚರಿಸುತ್ತದೆ. ಗರ್ಭಕೋಶ ದಾಟುವ ಮೊದಲು ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದಲೇ ಹೆಚ್ಚಿನವರು ಗುಣವಾಗುತ್ತಾರೆ. ತಡವಾದರೆ ಹರಡುತ್ತದೆ. ಆಗ ಬೊಜ್ಜು ಅರಿವಳಿಕೆಯನ್ನೂ ಶಸ್ತ್ರಚಿಕಿತ್ಸೆಯನ್ನೂ ಕಷ್ಟ ಮಾಡುತ್ತದೆ. ಕ್ಯಾನ್ಸರ್ ಗೆದ್ದವರನ್ನೂ ಹೃದಯದ ಕಾಯಿಲೆ ಕಾಡುತ್ತದೆ.

ಸರ್ಕಾರ 30 ದಾಟಿದ ಹೆಂಗಸರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡುತ್ತದೆ. ಆ ಪಟ್ಟಿಯಲ್ಲಿ ಇದಿಲ್ಲ. ಗರ್ಭಕಂಠದ ಪರೀಕ್ಷೆಯನ್ನು ನಂಬಿ ಕೂತರೆ ಇದು ತಪ್ಪಿಹೋಗಬಹುದು. ಎಲ್ಲರಿಗೂ ಸ್ಕ್ಯಾನ್ ಮಾಡಿ ಎಂದು ನಾನು ಕೇಳುತ್ತಿಲ್ಲ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಈ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಲಿ: ‘ಮುಟ್ಟು ನಿಂತ ಮೇಲೆ ರಕ್ತ ಕಂಡಿದೆಯಾ, ಅಕ್ಕಾ?’ ಹೌದು ಎಂದವರಿಗೆ ಸ್ಕ್ಯಾನು, ಬಯಾಪ್ಸಿ ಬೇಗ ಸಿಗಲಿ.

ಮುಟ್ಟಿನ ಕವಿತೆಗೆ ಚಪ್ಪಾಳೆ ತಟ್ಟುವ ನಾವು ಮುಟ್ಟು ನಿಂತವರನ್ನು ಮರೆತಿದ್ದೇವೆ. ಈ ಪ್ರಶ್ನೆಗೆ ಡಾಕ್ಟರೇ ಬೇಕಿಲ್ಲ. ಇವತ್ತು ಮನೆಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಜೊತೆಗೆ ಅವ್ವನನ್ನು ಇದನ್ನೂ ಕೇಳಿ.